ಎಡಸುತ್ತು ಅರವತ್ತು, ಬಲಸುತ್ತು ನಲವತ್ತೆಂಟು

ಎಂಟು ಗಂಟೆ ನಿಂತೇ ಇರುವುದು ನನ್ನ ಕೆಲಸ. ಸಿಟಿ ಬಸ್ಸಿನ ಕಂಡಕ್ಟರ್ ನಾನು, ಹತ್ತೊಂಬತ್ತು ವರ್ಷದ ಸರ್ವೀಸು. ಬನಶಂಕರಿಯಿಂದ ಮಡಿವಾಳದ ಕಡೆ ಹೋಗುವ ರೂಟಿನಲ್ಲಿ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹತ್ತಿರ ಬಸ್ಸು ನಿಂತಲ್ಲೇ ನಿಂತುಬಿಟ್ಟರೆ ಜನ ಡ್ರೈವರನ್ನು ಬಿಟ್ಟು ನನ್ನನ್ನೇ ಬೈಯುತ್ತಾರೆ. ನಾನೂ ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ಹೀಗಾಗಿ ಆಸ್ಪತ್ರೆಯ ಗೋಡೆಯ ಮೇಲೆ ‘ಹೃದಯ ಸಂಶೋಧನೆಗಾಗಿ ಎಂಟು ಗಂಟೆಗಳ ಓಟ’ ಎಂಬ ಪೋಸ್ಟರ್ ಕಂಡಾಗ ನನಗೆ ಹೆದರಿಕೆಯೇನೂ ಆಗಲಿಲ್ಲ. ಎಂಟು ಗಂಟೆ ನನಗೆ ಗೊತ್ತಿರುವ ಅಳತೆ. ಓಡುವುದೊಂದೇ ಹೊಸದು.

ಅವತ್ತು ಆಸ್ಪತ್ರೆಗೆ ಹೋಗಿದ್ದು ನನ್ನ ಗಂಡನ ಎಕೋ, ಅಂದರೆ ಹೃದಯದ ಸ್ಕ್ಯಾನಿನ ರಿಪೋರ್ಟು ತೋರಿಸುವುದಕ್ಕೆ. ಅವರೂ ನಮ್ಮ ಡಿಪೋದವರೇ, ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಡ್ರೈವರ್. ಡ್ರೈವರುಗಳಿಗೆಲ್ಲ ಮಾಡುವ ತಪಾಸಣೆಯಲ್ಲಿ ಏನೋ ಸರಿಯಿಲ್ಲ ಅಂತ ಕಂಡು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದರು. ಹೃದಯದ ಸ್ನಾಯುವೇ ದುರ್ಬಲವಾಗಿದೆ ಎಂದರು ಡಾಕ್ಟರು. ಯಾಕೆ ಹೀಗಾಯಿತು ಅಂತ ಕೇಳಿದೆ. ಬೀಡಿ ಇಲ್ಲ, ಕುಡಿತ ಇಲ್ಲ, ಬಿಪಿ, ಶುಗರ್ ಯಾವುದೂ ಇಲ್ಲದ ಮನುಷ್ಯ. ಡಾಕ್ಟರು ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ.

“ನಿಜ ಹೇಳ್ಬೇಕು ಅಂದ್ರೆ ಗೊತ್ತಿಲ್ಲಮ್ಮ. ಕೆಲವು ಮನೆತನದಲ್ಲಿ ಬರುತ್ತೆ. ಯಾಕೆ ಬರುತ್ತೆ ಅಂತ ಇನ್ನೂ ಹುಡುಕ್ತಾನೇ ಇದಾರೆ” ಎಂದರು. ಒಡಹುಟ್ಟಿದವರಿದ್ದರೆ ಅವರಿಗೂ ಒಂದು ಸಲ ಎಕೋ ಮಾಡಿಸಿಬಿಡಿ, ಗಾಬರಿಯಿಲ್ಲ, ಆದರೆ ಮರೆಯಬೇಡಿ ಅಂತಲೂ ಸೇರಿಸಿದರು.

ಗೊತ್ತಿಲ್ಲ ಎಂಬ ಉತ್ತರ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಲ್ಲಿ ಇಳೀತೀರಿ ಅಂದರೆ ಗೊತ್ತಿಲ್ಲ ಅನ್ನುವವನಿಗೆ ಟಿಕೆಟ್ ಹರಿಯುವುದು ಹೇಗೆ? ಹುಡುಕುವವರಿಗೆ ನೆರವು ಬೇಕು ಅಂತ ಪೋಸ್ಟರಿನಲ್ಲೇ ಬರೆದಿತ್ತು. ಸರಿ, ಅವರು ಹುಡುಕಲಿ, ನಾನು ಓಡುತ್ತೇನೆ ಅಂದುಕೊಂಡು ಔಷಧಿಯ ಸಾಲಿನಲ್ಲಿ ನಿಂತಿದ್ದ ಹಾಗೇ ಫೋನಿನಲ್ಲಿ ಹೆಸರು ಕೊಟ್ಟೆ. ಆಗ ನನಗೆ ನಲವತ್ತಾರು. ಓಡಿದ್ದು ಅಂದರೆ ಬಿಟ್ಟ ಬಸ್ಸಿನ ಹಿಂದೆ ಮಾತ್ರ.

ಡಿಪೋದಲ್ಲಿ ಅವರನ್ನು ಸ್ಟೇರಿಂಗಿನಿಂದ ಇಳಿಸಿ ಆಫೀಸಿನೊಳಗೆ ಕುರ್ಚಿಯ ಕೆಲಸಕ್ಕೆ ಹಾಕಿದರು. ನಮ್ಮ ಕತ್ರಿಗುಪ್ಪೆಯ ಬೀದಿಯಲ್ಲಿ ಕೇಳಿದವರಿಗೆಲ್ಲ ಬೆನ್ನುನೋವು ಅಂತ ಹೇಳಿದರು. ಅರೆಕೆರೆಯಲ್ಲಿರುವ ಸ್ವಂತ ತಮ್ಮನಿಗೂ ಅದನ್ನೇ ಹೇಳಿದರು. ಆ ತಮ್ಮನೂ ಡ್ರೈವರೇ, ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಅವನಿಗೆ ಎಕೋ ಮಾಡಿಸಬೇಕು ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದ್ದಾರಲ್ಲ ಅಂತ ನಾನು ಎಷ್ಟು ಹೇಳಿದರೂ ಇವರದು ಒಂದೇ ಪಟ್ಟು. ಒಂದು ಭಾನುವಾರ ನಾನು ದನಿಯೇರಿಸಿದೆ. ಅವರು ಏರಿಸಲಿಲ್ಲ.

“ಹಾರ್ಟು ವೀಕಾಗಿರೋ ಡ್ರೈವರು ಅಂತ ಗೊತ್ತಾದ್ರೆ, ಇಷ್ಟು ವರ್ಷ ನನ್ನ ಬಸ್ಸಲ್ಲಿ ಕೂತಿದ್ದೋರೆಲ್ಲ ಏನಂದ್ಕೋತಾರೆ? ನನ್ನ ಹೆಸರು ಎಲ್ಲೂ ಎತ್ತಬೇಡ” ಎಂದರು.

ಮನೆಗೆ ಬಂದರೆ ಟಿವಿಯ ಮುಂದೆ ಕೂರುತ್ತಿದ್ದರು, ನೋಡುತ್ತಿರಲಿಲ್ಲ. ಟೀ ಅಂಗಡಿಯ ಗೆಳೆಯರ ಸಹವಾಸ ಬಿಟ್ಟರು. ಔಷಧಿ ನುಂಗಿದರೆ ಇನ್ನೂ ಎಷ್ಟೋ ವರ್ಷ ಚೆನ್ನಾಗಿರಬಹುದು ಅಂತ ಡಾಕ್ಟರು ಹೇಳಿದ್ದು ಇವರ ಕಿವಿಗೆ ಬಿದ್ದೇ ಇರಲಿಲ್ಲ. ಕೊನೆಗೆ ಗಡುವು ಕೊಟ್ಟೆ. ಓಟ ಇರುವುದು ನಾಲ್ಕು ತಿಂಗಳ ಮೇಲೆ; ಅದು ಮುಗಿಯುವುದರೊಳಗೆ ನಿಮ್ಮ ತಮ್ಮನಿಗೆ ನೀವು ಹೇಳದಿದ್ದರೆ, ಅವತ್ತೇ ನಾನು ಅರೆಕೆರೆಗೆ ಹೋಗಿ ಹೇಳುತ್ತೇನೆ ಎಂದೆ. ಹೇಳಿದರೆ ನಿನ್ನ ಜೊತೆ ಮಾತಿಲ್ಲ ಎಂದರು. ಇಬ್ಬರೂ ಹಟದವರು, ಆಡಿದ ಮಾತು ಉಳಿಸಿಕೊಳ್ಳುವವರು. ಅದು ಗೊತ್ತಿದ್ದರಿಂದಲೇ ನನಗೆ ಭಯ.

ಮಧ್ಯಾಹ್ನದ ಪಾಳಿ ಇದ್ದ ವಾರಗಳಲ್ಲಿ ಬೆಳಿಗ್ಗೆ ಬನಶಂಕರಿ ಎರಡನೇ ಹಂತದ ಒಂದು ಪಾರ್ಕಿಗೆ ಹೋಗಿ ಅಭ್ಯಾಸ ಶುರು ಮಾಡಿದೆ. ಅಲ್ಲಿ ನಡೆಯುವವರೆಲ್ಲ ನಿವೃತ್ತರು, ಎಲ್ಲರೂ ಬಲಸುತ್ತು, ಅಂದರೆ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ದಿಕ್ಕು. ಯಾರಾದರೂ ಹೊಸಬರು ಎದುರು ದಿಕ್ಕಿನಲ್ಲಿ ಬಂದರೆ ಕೈಸನ್ನೆ ಮಾಡಿ ತಿರುಗಿಸುತ್ತಾರೆ. ನನ್ನನ್ನೂ ಮೊದಲ ದಿನ ತಿರುಗಿಸಿದವರು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಬಿಳಿ ಕ್ಯಾನ್ವಾಸ್ ಶೂ, ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು. ಸಲ್ವಾರಿನ ಮೇಲೆ ಮಗಳ ಹಳೇ ಟೀಶರ್ಟು ಹಾಕಿಕೊಂಡು ಏದುಸಿರು ಬಿಡುತ್ತ ಓಡುವ ನನ್ನನ್ನು ನೋಡಿ, ಒಂದು ವಾರ ತಡೆದುಕೊಂಡು, ಆಮೇಲೆ ವಿಚಾರಿಸಿದರು. ದೂರದ ಸಂಬಂಧಿಕರೊಬ್ಬರಿಗೆ ಹೃದಯದ ಕಾಯಿಲೆ, ಅದಕ್ಕೆ ಅಂದೆ. ಆ ಸುಳ್ಳು ಹೇಳುವಾಗ ನನಗೇ ನಾಚಿಕೆಯಾಯಿತು.

ಓಟ ನಡೆಯುವುದು ಜಯನಗರದ ಮೈದಾನದಲ್ಲಿ, ನಾನೂರು ಮೀಟರಿನ ಸುತ್ತು. ನಲವತ್ತು ಕಿಲೋಮೀಟರಿನ ಮೇಲೆ ಓಡಬೇಕು ಅಂತ ನನ್ನ ಆಸೆ. ಅಂದರೆ ನೂರರ ಮೇಲೆ ಸುತ್ತು ಅಂದದ್ದೇ ತಡ, ಮ್ಯಾನೇಜರು ನೂರೆಂಟು ಮಾಡಿಬಿಡಿ ಎಂದರು. ಅವರ ಜೊತೆ ನಡೆಯುತ್ತಿದ್ದ ಆಂಟಿಯೊಬ್ಬರು, ಕುಂಕುಮದ ಕೆಳಗೆ ಬೆವರಿನ ಹನಿ ಇರುವ ದಪ್ಪನೆಯ ಹೆಂಗಸು, ಹಾಗಾದರೆ ಒಂದು ಸುತ್ತು ನಮ್ಮ ನಾದಿನಿ ಹೆಸರಲ್ಲಿ ಬರೆದುಕೊಳ್ಳಿ, ಬೈಪಾಸ್ ಆಗಿದೆ, ರೋಹಿಣಿ ನಕ್ಷತ್ರ ಅಂದರು. ದೇವಸ್ಥಾನದಲ್ಲಿ ಸೇವೆ ಬರೆಸುವ ಹಾಗೆ. ನನಗೆ ನಗು ಬಂತು. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧ, ಪಂಚಾಂಗ ಅಲ್ಲ. ಆದರೆ ಮ್ಯಾನೇಜರು ಆಗಲೇ ಪೆನ್ನು ತೆಗೆದಿದ್ದರು. ಮರುದಿನ ಗೆರೆ ಹೊಡೆದ ಉದ್ದನೆಯ ಹಾಳೆ ತಂದರು: ಸುತ್ತಿನ ಸಂಖ್ಯೆ, ಯಾರಿಗಾಗಿ, ನಕ್ಷತ್ರ. ಬರೆಸಿದವರು ತಾವು ಕೊಡುವ ಹಣವನ್ನು ಫೋನಿನಲ್ಲೇ ನೇರ ಸಂಶೋಧನೆಯವರಿಗೆ ಕಳಿಸಿಬಿಡುತ್ತಿದ್ದರು. ಎರಡು ತಿಂಗಳಲ್ಲಿ ನೂರೆಂಟೂ ಭರ್ತಿ. ಸ್ಟೆಂಟ್ ಹಾಕಿಸಿಕೊಂಡ ಅಳಿಯ, ಪೇಸ್‌ಮೇಕರ್ ಇರುವ ಅಕ್ಕ, ಹುಟ್ಟುವಾಗಲೇ ಹೃದಯದಲ್ಲಿ ತೂತಿದ್ದ ಮೊಮ್ಮಗು. ಜನ ತಮ್ಮವರ ಕಾಯಿಲೆಯನ್ನು ಎಷ್ಟು ಸಲೀಸಾಗಿ ಹೇಳಿ ಬರೆಸುತ್ತಿದ್ದರು! ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಯಾರಿಗಾಗಿ ಓಡುತ್ತಿದ್ದೆನೋ ಅವರಿಗೊಬ್ಬರಿಗೇ ಆ ಹಾಳೆಯಲ್ಲಿ ಜಾಗವಿರಲಿಲ್ಲ.

ಓಟಕ್ಕೆ ಹತ್ತು ದಿನವಿದ್ದಾಗ ಜಯನಗರದ ಆ ಮೈದಾನ ನೋಡಿಕೊಂಡು ಬರೋಣ ಅಂತ ಹೋದೆ. ಅಲ್ಲಿನ ಹುಡುಗಿಯೊಬ್ಬಳು ನಿಯಮ ವಿವರಿಸಿದಳು. ಟ್ರ್ಯಾಕಿನಲ್ಲಿ ಓಟವೆಲ್ಲ ಎಡಸುತ್ತು. ಒಂದೇ ಕಡೆ ತಿರುಗಿ ತಿರುಗಿ ಕಾಲು ನೋಯಬಾರದು ಅಂತ ನಾಲ್ಕು ಗಂಟೆಯಾದ ಮೇಲೆ ಸೀಟಿ ಊದಿ ಎಲ್ಲರನ್ನೂ ಹಿಂದಕ್ಕೆ ತಿರುಗಿಸುತ್ತಾರಂತೆ, ಆಮೇಲೆ ಬಲಸುತ್ತು. ನನಗೇನೂ ಅನ್ನಿಸಲಿಲ್ಲ. ನಾಲ್ಕು ತಿಂಗಳು ಬರೀ ಬಲಕ್ಕೆ ಓಡಿದ್ದೇನಲ್ಲ, ಎಡಕ್ಕೂ ಒಂದಿಷ್ಟು ರೂಢಿ ಮಾಡಿಕೊಳ್ಳಬೇಕು ಅಂದುಕೊಂಡು, ಮರುದಿನ ಪಾರ್ಕಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ.

ಆಂಟಿ ನಡೆಯುವುದನ್ನೇ ನಿಲ್ಲಿಸಿದರು. ಎಡಸುತ್ತು ಹಾಕುವುದು ಅಪರಕರ್ಮದಲ್ಲಿ, ಸ್ಮಶಾನದಲ್ಲಿ. ಬದುಕಿರುವ ನಾದಿನಿಯ ಹೆಸರು ಹೇಳಿ ಎಡಕ್ಕೆ ಸುತ್ತುವುದೆಂದರೇನು? ಅವರ ಸುತ್ತಿನ ಸಂಖ್ಯೆ ಹನ್ನೆರಡು. ಅದನ್ನು ಸೀಟಿ ಊದಿದ ಮೇಲಿನ ಸುತ್ತಿಗೆ ಹಾಕಿ ಅಂತ ಕೂತುಬಿಟ್ಟರು. ಸುದ್ದಿ ಪಾರ್ಕೆಲ್ಲ ಹಬ್ಬಿತು. ಮೊದಲ ನಾಲ್ಕು ಗಂಟೆಯಲ್ಲಿ ಕಾಲಿಗೆ ಕಸುವಿರುತ್ತದೆ, ಅರವತ್ತು ಸುತ್ತು ಆಗುತ್ತದೆ ಅಂತ ನನ್ನ ಲೆಕ್ಕ. ಆ ಅರವತ್ತೂ ಯಾರಿಗೂ ಬೇಡವಾದವು. ಎಲ್ಲರಿಗೂ ಸೀಟಿ ಊದಿದ ಮೇಲಿನ ನಲವತ್ತೆಂಟೇ ಬೇಕು. ಸಿಗದವರು ಬಿಟ್ಟುಬಿಡಿ ಪರವಾಗಿಲ್ಲ ಅಂದರು. ಬಸ್ಸಿನಲ್ಲಿ ಹಿಂದುಗಡೆ ಸೀಟು ಖಾಲಿ ಇದ್ದರೂ ಮುಂದೆಯೇ ಜೋತುಬೀಳುವ ಜನರ ಹಾಗೆ. ನನಗೆ ತಲೆ ಕೆಟ್ಟುಹೋಯಿತು. ಓಡುವವಳು ನಾನು, ಸುಸ್ತಾಗುವುದು ನನಗೆ, ಅಡ್ಡಾದಿಡ್ಡಿ ಓಡಿದರೂ ಸಂಶೋಧನೆ ಸಂಶೋಧನೆಯೇ, ನಿಮ್ಮ ಎಡ ಬಲ ಕಟ್ಟಿಕೊಂಡು ನನಗೇನಾಗಬೇಕು ಅಂತ ಕೂಗಾಡಿದೆ. ಆಂಟಿಯ ಕಣ್ಣಲ್ಲಿ ನೀರು ಬಂತು. ಮ್ಯಾನೇಜರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಕೂಗಾಡಿದ್ದು ತಪ್ಪಾಯಿತು ಅಂತ ನನಗೆ ಡ್ಯೂಟಿಯುದ್ದಕ್ಕೂ ಅನ್ನಿಸುತ್ತಲೇ ಇತ್ತು.

ಎರಡು ದಿನ ಬಿಟ್ಟು ಮ್ಯಾನೇಜರು ಹೊಸ ಹಾಳೆಯೊಂದಿಗೆ ಬಂದರು. ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದರು. ಬಲಗಡೆ ನಲವತ್ತೆಂಟು ಸಾಲು, ಬದುಕಿರುವವರು. ಎಡಗಡೆ ಅರವತ್ತು ಸಾಲು ಖಾಲಿ. ಕೊನೆಯದೊಂದರಲ್ಲಿ ಮಾತ್ರ ಏನೋ ಬರೆದಿತ್ತು.

“ಎಡಸುತ್ತು ಹೋದೋರಿಗೆ ಸಲ್ಲುತ್ತಮ್ಮ. ಹಾರ್ಟಲ್ಲಿ ಹೋದೋರು ಯಾರ ಮನೇಲಿಲ್ಲ?” ಎಂದರು.

ಕೊನೆಯ ಸಾಲಿನಲ್ಲಿ ಅವರು ಬರೆದಿದ್ದದ್ದು ‘ಹೆಂಡತಿ’ ಅಂತ. ಇಷ್ಟು ತಿಂಗಳಿಂದ ಹಾಳೆ ಇಟ್ಟುಕೊಂಡು ಓಡಾಡಿದ ಮನುಷ್ಯ, ತಮ್ಮದು ಅಂತ ಒಂದು ಸುತ್ತನ್ನೂ ಬರೆಸಿರಲಿಲ್ಲ ಅನ್ನುವುದು ನನಗೆ ಆಗ ಹೊಳೆಯಿತು. ಪರಿಚಯವಾಗಿ ನಾಲ್ಕೇ ತಿಂಗಳು. ಆದರೆ ನನಗೆ ಅವರನ್ನು ಬಹಳ ಕಾಲದಿಂದ ಬಲ್ಲೆ ಅನ್ನಿಸತೊಡಗಿತ್ತು. ಆಂಟಿ ತಮ್ಮ ಅಪ್ಪನನ್ನು ಬರೆಸಿದರು. ಅಪ್ಪ ಹೋದಾಗ ಅವರಿಗೆ ಎಂಟು ವರ್ಷವಂತೆ, ಶಾಲೆಯಿಂದ ಕರೆದುಕೊಂಡು ಬಂದಿದ್ದರಂತೆ. ಹಾಗೆ ಹೇಳುತ್ತ ಹೇಳುತ್ತ ನನ್ನ ಕೈ ಹಿಡಿದುಕೊಂಡರು, ನಾನು ಮೊನ್ನೆ ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. ದಿನಾ ಬೆಂಚಿನ ಮೇಲೆ ಕೂತು ರಾಜಕೀಯ ಮಾತಾಡುವವರು, ನಗೆಕೂಟದಲ್ಲಿ ಹೋ ಅಂತ ನಗುವವರು, ಒಬ್ಬೊಬ್ಬರೇ ಬಂದು ಮೆಲ್ಲಗೆ ತಮ್ಮ ಸತ್ತವರನ್ನು ಬರೆಸಿದರು. ನಾಲ್ಕೇ ದಿನಕ್ಕೆ ಅರವತ್ತರಲ್ಲಿ ಒಂದು ಮಾತ್ರ ಉಳಿಯಿತು, ಮೊದಲನೆಯದು. ಓಟ ಶುರುಮಾಡುವವರು ನೀವು, ಮೊದಲನೆಯದು ನಿಮ್ಮದೇ ಅಂತ ಮ್ಯಾನೇಜರು ಹಾಳೆಯನ್ನು ನನ್ನ ಕೈಗೆ ಕೊಟ್ಟರು.

ಓಟದ ಹಿಂದಿನ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಯೋಚಿಸಿದೆ. ನನ್ನ ಗಂಡನ ತಾಯಿ ನಲವತ್ತೊಂಬತ್ತಕ್ಕೇ ಹೋದರು. ನಾನು ಆ ಮನೆಗೆ ಬಂದು ಎರಡು ವರ್ಷವಾಗಿತ್ತು ಅಷ್ಟೆ. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಬಿಸಿಲಿಗೆ ಹೀಗಾಯಿತು ಅಂದರು ಎಲ್ಲರೂ. ಯಾವ ಬಿಸಿಲು? ಬೆಳಿಗ್ಗೆ ಎಂಟು ಗಂಟೆ ಅದು. ಇಷ್ಟು ವರ್ಷ ನಾನೂ ಅದನ್ನೇ ನಂಬಿಕೊಂಡಿದ್ದೆನಲ್ಲ. ಒಂದನೇ ಸುತ್ತು, ಅತ್ತೆ, ಅಂತ ಬರೆದೆ. ಹಾಳೆಯನ್ನು ಊಟದ ಮೇಜಿನ ಮೇಲೆ, ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಬೇಕಂತಲೇ ಇಟ್ಟೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಅವರು ಊಟ ಮಾಡುತ್ತ ಓದಿದರು. ಮುದ್ದೆ ಮುರಿದ ಕೈ ಅಲ್ಲೇ ನಿಂತಿತು. ಎದ್ದು ಕೈ ತೊಳೆದುಕೊಂಡು ಮಲಗಿದರು.

ಬೆಳಿಗ್ಗೆ ನಾನು ಹೊರಡುವಾಗ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದಿಲ್ಲ ಅಂತ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಒಂದು ಗಂಟೆಗೆ ಓಟ ಮುಗಿಯುತ್ತದೆ, ಅಲ್ಲಿಂದ ನೇರ ಅರೆಕೆರೆಗೆ ಹೋಗುತ್ತೇನೆ ಅಂತ ಹೇಳಿ ಬಾಗಿಲು ಎಳೆದುಕೊಂಡೆ.

ಐದಕ್ಕೆ ಬಿಟ್ಟರು. ಮೊದಲ ಸುತ್ತು ಅತ್ತೆಯ ಜೊತೆ. ನನ್ನನ್ನು ಒಂದು ದಿನವೂ ಬೈದವರಲ್ಲ, ಕಂಡಕ್ಟರ್ ಪರೀಕ್ಷೆಗೆ ಅರ್ಜಿ ಹಾಕಿಸಿದವರೇ ಅವರು. ಅವರಿಗೆ ಒಂದು ಸುತ್ತು ಬಹಳ ಕಡಿಮೆಯಾಯಿತು. ಮ್ಯಾನೇಜರು ಟ್ರ್ಯಾಕಿನ ಬದಿಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ನಾನು ಎದುರಿಗೆ ಬಂದಾಗೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಹದಿನೇಳು, ತಾಯಿ. ಹದಿನೆಂಟು, ಅಣ್ಣ. ಹತ್ತೊಂಬತ್ತು, ಆಫೀಸಿನ ಗೆಳೆಯ. ಪಕ್ಕದಲ್ಲಿ ಓಡುತ್ತಿದ್ದ ಹುಡುಗರು ಮೊದಲು ನಕ್ಕರು. ಆಮೇಲೆ ಅವರೂ ಕಿವಿಗೊಡತೊಡಗಿದರು. ಸತ್ತವರ ಸುತ್ತು ಒಂದೂ ಬಲಕ್ಕೆ ಜಾರಬಾರದು ಅಂತ ನನಗೆ ಒಳಗೊಳಗೇ ಧಾವಂತ. ಎಂಟೂ ಮುಕ್ಕಾಲಿಗೆ ಇನ್ನೂ ಮೂರು ಸುತ್ತು ಬಾಕಿಯಿತ್ತು. ಎಡ ಮೊಣಕಾಲು ಚುಚ್ಚುತ್ತಿದ್ದರೂ ಹಲ್ಲು ಕಚ್ಚಿ ಓಡಿದೆ. ಅರವತ್ತನೆಯದು ಬಂದಾಗ ಮ್ಯಾನೇಜರು ಓದಲಿಲ್ಲ, ಎದ್ದು ನಿಂತರು. ನಾನು ಸುತ್ತು ಮುಗಿಸಿ ಬರುವವರೆಗೂ ನಿಂತೇ ಇದ್ದರು.

ಒಂಬತ್ತಕ್ಕೆ ಇನ್ನೂ ಮೂರು ನಿಮಿಷ ಇತ್ತು. ನಾನು ಬದಿಗೆ ಸರಿದು ಸುಮ್ಮನೆ ನಿಂತೆ. ಸ್ವಯಂಸೇವಕಿ ಓಡಿಬಂದು ಕಾಲು ಹಿಡೀತಾ ಮೇಡಂ ಅಂತ ಕೇಳಿದಳು. ಇಲ್ಲಮ್ಮ, ಸೀಟಿಗೆ ಕಾಯ್ತಿದೀನಿ ಅಂದೆ. ಬದುಕಿರುವವರಲ್ಲಿ ಒಬ್ಬರನ್ನೂ ಎಡಕ್ಕೆ ಸುತ್ತಿಸುವ ಧೈರ್ಯ, ಬುದ್ಧನ ಮನೆಯವಳಾದ ನನಗೂ ಆಗ ಇರಲಿಲ್ಲ.

ಸೀಟಿ ಊದಿದರು, ಎಲ್ಲರೂ ತಿರುಗಿದೆವು. ಬಿಸಿಲು ಏರಿತು. ತೊಂಬತ್ತರ ಹೊತ್ತಿಗೆ ಓಟ ಹೋಗಿ ನಡಿಗೆ ಬಂದಿತ್ತು, ಪಾದದ ಬೊಬ್ಬೆ ಒಡೆದು ಕಾಲುಚೀಲ ಒದ್ದೆಯಾಗಿತ್ತು. ರೋಹಿಣಿ ನಕ್ಷತ್ರದ ನಾದಿನಿಯ ಸುತ್ತಿಗೆ ಆಂಟಿ ಮಜ್ಜಿಗೆ ಹಿಡಿದು ನಿಂತಿದ್ದರು. ನನ್ನ ಕಣ್ಣು ಪ್ರತಿ ಸುತ್ತಿನಲ್ಲೂ ಗೇಟಿನ ಕಡೆಗೇ ಹೋಗುತ್ತಿತ್ತು. ಅರೆಕೆರೆಯಲ್ಲಿ ಮೈದುನನ ಮುಂದೆ ಹೇಗೆ ಶುರು ಮಾಡಲಿ, ಆಮೇಲೆ ಮಾತಿಲ್ಲದ ಗಂಡನ ಜೊತೆ ಹೇಗೆ ಬಾಳಲಿ ಅಂತಲೇ ಯೋಚನೆ. ಬಾಳುತ್ತೇನೆ, ಆದರೆ ಹೇಳಿಯೇ ಹೇಳುತ್ತೇನೆ ಅಂತ ಹೆಜ್ಜೆ ಇಡುತ್ತಿದ್ದೆ. ಆ ತಮ್ಮನ ವ್ಯಾನಿನಲ್ಲಿ ದಿನಾ ಅಷ್ಟೊಂದು ಮಕ್ಕಳು ಕೂರುತ್ತವೆ.

ನೂರ ಆರನೆಯ ಸುತ್ತು ಮುಗಿಸಿ ಬರುವಾಗ ಮ್ಯಾನೇಜರ ಸ್ಟೂಲಿನ ಮುಂದೆ ಒಬ್ಬರು ಬೆನ್ನು ಮಾಡಿ ನಿಂತಿದ್ದರು. ಖಾಕಿ ಪ್ಯಾಂಟು. ಡಿಪೋದವರು ಭಾನುವಾರವೂ ಖಾಕಿ ಬಿಡುವುದಿಲ್ಲ. ನನ್ನ ಕಾಲು ತಾನಾಗೇ ನಿಂತಿತು.

“ನೂರೆಂಟೂ ಫುಲ್ಲು ಸಾರ್, ಲೇಟಾಯ್ತು” ಅನ್ನುತ್ತಿದ್ದರು ಮ್ಯಾನೇಜರು. ಯಾರ ಹೆಸರಲ್ಲಿ ಬೇಕಿತ್ತು ಅಂತ ಕೇಳಿದರು.

“ನನ್ನದೇ. ಹಾರ್ಟ್ ಪೇಷೆಂಟು. ಇವಳ ಗಂಡ ನಾನು. ಬದುಕಿರೋರ ಕಡೆ ಒಂದು ಹಾಕ್ಕೊಳ್ಳಿ” ಎಂದರು ನನ್ನವರು.

ಮ್ಯಾನೇಜರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. ದೂರದ ಸಂಬಂಧಿಕರು ಯಾರು ಅಂತ ಅವರಿಗೆ ಆಗ ತಿಳಿದಿರಬೇಕು. ಹಾಳೆಯ ಕೆಳಗೆ ಸ್ಕೇಲಿಲ್ಲದೆಯೇ ಒಂದು ಗೆರೆ ಎಳೆದು, ನೂರ ಒಂಬತ್ತು ಅಂತ ಬರೆದು, ನಕ್ಷತ್ರ ಕೇಳಿದರು.

“ಅದೆಲ್ಲ ಗೊತ್ತಿಲ್ಲ ಸಾರ್. ಅರೆಕೆರೆ ಅಂತ ಬರ್ಕೊಳ್ಳಿ.”

ಮಿಕ್ಕ ಎರಡು ಸುತ್ತನ್ನು ಹೇಗೆ ಹಾಕಿದೆನೋ ತಿಳಿಯದು. ನೂರೆಂಟು ಮುಗಿದಾಗ ಒಂದು ಗಂಟೆಗೆ ಹತ್ತು ನಿಮಿಷ ಬಾಕಿ. ಪಾರ್ಕಿನವರೆಲ್ಲ ಚಪ್ಪಾಳೆ ತಟ್ಟಿದರು, ಆಂಟಿ ಸಾಕು ಕೂತುಕೊಳ್ಳಿ ಅಂತ ಕುರ್ಚಿ ಎಳೆದರು. ಇನ್ನೊಂದಿದೆ ಅಂದೆ.

ಹೊರಗಿನವರು ಟ್ರ್ಯಾಕಿಗೆ ಬರುವಂತಿಲ್ಲ. ಅವರು ಹಗ್ಗದ ಆಚೆ, ಹುಲ್ಲಿನ ಮೇಲೆ ನಡೆದರು. ಡಾಕ್ಟರು ಅವರಿಗೆ ನಿಧಾನ ನಡಿಗೆ ಮಾತ್ರ ಅಂದಿದ್ದರು; ನನಗೂ ಅದಕ್ಕಿಂತ ಜೋರು ಹೋಗಲಾಗುತ್ತಿರಲಿಲ್ಲ. ಇಬ್ಬರದೂ ಒಂದೇ ವೇಗವಾಯಿತು. ಅರ್ಧ ಸುತ್ತಿನ ತನಕ ನಾನು ಮುಂದೆ ನೋಡಿಕೊಂಡೇ ನಡೆದೆ, ತಿರುಗಿದರೆ ಅಳು ಬರುತ್ತದೆ ಅಂತ. ಆಮೇಲೆ ತಡೆಯಲಾಗದೆ, ಇನ್ನು ಮುಕ್ಕಾಲು ಗಂಟೆಗೆ ಅರೆಕೆರೆ ಬಸ್ಸಿದೆ, ನಾನು ಹೋಗಬೇಕೋ ಬೇಡವೋ ಅಂತ ಕೇಳಿಯೇಬಿಟ್ಟೆ.

“ಬೇಡ. ನೀನು ಹೊರಟ ಮೇಲೆ ಮೊದಲನೇ ಬಸ್ಸಿಗೇ ಹೋದೆ” ಎಂದರು. “ಹೇಳ್ದೆ. ಅವ್ವಂದೂ ಹೇಳ್ದೆ. ಅವನು ಅತ್ತ, ನಾನೂ ಅತ್ತೆ. ನಾಳೆಗೆ ವ್ಯಾನಿಗೆ ಬೇರೆ ಡ್ರೈವರ್ ಹೇಳಿದಾನೆ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ ಹತ್ರ ಬರ್ತಾನೆ, ನಾನೇ ಒಳಗೆ ಕರ್ಕೊಂಡೋಗ್ತೀನಿ.”

ನಾನು ಅಲ್ಲೇ, ಟ್ರ್ಯಾಕಿನ ಮೇಲೆ, ಎಲ್ಲರೂ ನೋಡುತ್ತಿದ್ದಂತೆ ಜೋರಾಗಿ ಅತ್ತೆ. ಅವರು ಹಗ್ಗದ ಮೇಲಿನಿಂದ ಕೈ ಚಾಚಿ ನನ್ನ ಮೊಣಕೈ ಹಿಡಿದುಕೊಂಡು, ಇನ್ನು ನೂರು ಮೀಟರ್ ಇದೆ, ನಿಲ್ಲಬೇಡ, ಅದು ನನ್ನ ಸುತ್ತು ಅಂದರು.